ಗುದ್ಲೆಪ್ಪನ ಒತ್ತೆ ಕರಣಿ

ಹಾನಗಲ್ಲಿನ ಗೌಂಡಿ ಗುದ್ಲೆಪ್ಪ ಕೆಲಸ ಶುರು ಮಾಡುವುದರಲ್ಲಿ ಎತ್ತಿದ ಕೈ. ಮುಗಿಸುವ ಮಾತು ಮಾತ್ರ ಕೇಳಬಾರದು. ಒಂದು ಮನೆಯಲ್ಲಿ ಎರಡು ಸಾಲು ಇಟ್ಟಿಗೆ ಕಟ್ಟುವಷ್ಟರಲ್ಲಿ ಇನ್ನೊಂದು ಮನೆಯವರ ಫೋನು ಬರುತ್ತಿತ್ತು. ಹೊರಡುವಾಗ ಗಿಲಾವು ಮಾಡುವ ಕರಣಿಯನ್ನು ಅರೆಗೋಡೆಯ ಮೇಲಿಟ್ಟು, "ಕರಣಿ ಇಲ್ಲೇ ಐತಿ, ನಾ ಎಲ್ಲಿ ಹೋಗ್ತೇನ್ರಿ?" ಎನ್ನುತ್ತಿದ್ದ. ಗೌಂಡಿ ಕರಣಿ ಬಿಟ್ಟು ಹೋಗುತ್ತಾನೆಯೇ ಎಂದು ಮನೆಯವರು ನಂಬುತ್ತಿದ್ದರು. ಅವನೋ ಸಂತೆಯಲ್ಲಿ ಹೊಸ ಕರಣಿ ಕೊಳ್ಳುತ್ತಿದ್ದ. ಹೀಗೆ ಹಿರೇಕೆರೂರಿನ ತನಕ ಅವನ ಕರಣಿಗಳು ತುಕ್ಕು ಹಿಡಿಯುತ್ತಿದ್ದವು.

ಅವನ ಸ್ವಂತ ಮನೆಯ ಅಡಿಗೆ ಕಟ್ಟೆಯೂ ಅರ್ಧಕ್ಕೇ ನಿಂತಿತ್ತು. ಹೆಂಡತಿ ಚೌಡವ್ವ ನೆಲದ ಮೇಲೆ ಕುಂತು ರೊಟ್ಟಿ ಬಡಿದು ಬಡಿದು ಮೊಣಕಾಲು ಹಾಳುಮಾಡಿಕೊಂಡಿದ್ದಳು. ಗಂಡನ ದರ್ಶನವಂತೂ ವಾರಕ್ಕೊಮ್ಮೆ.

ಮಗಳು ಶ್ವೇತಾ ಶಿಗ್ಗಾಂವಿಯ ಗುತ್ತಿಗೆದಾರರ ಆಫೀಸಿನಲ್ಲಿದ್ದಳು. ಅಲ್ಲಿ ಕೆಲಸಗಳನ್ನು ಹಂತಹಂತವಾಗಿ ಮುಗಿಸುವುದನ್ನು ಕಲಿಸುವ ಅಜೈಲ್ ಎಂಬ ತರಬೇತಿ ಮುಗಿಸಿ ಬಂದವಳೇ ಪಡಸಾಲೆಯ ಗೋಡೆಗೆ ಮೂರು ಖಾನೆ ಎಳೆದಳು: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. ಕೆಲಸಕ್ಕೊಂದು ಬಣ್ಣದ ಚೀಟಿ ಬರೆದು ಅಂಟಿಸಿದಳು. ಎಲ್ಲವೂ ನಡುವಿನ ಖಾನೆಯಲ್ಲೇ ಮುತ್ತಿಕೊಂಡವು. ಮುಗಿದದ್ದರಲ್ಲಿ ಒಂದು ಹಲ್ಲಿ ಮಾತ್ರ ಇತ್ತು.

"ಅಪ್ಪಾ, ಇನ್ನ ನಡುವಿನ ಖಾನ್ಯಾಗ ಒಂದ ಚೀಟಿ. ಅದು ಮುಗಿಯೂತನಕ ಇನ್ನೊಂದು ಹಿಡಿಯಂಗಿಲ್ಲ. ಮುಗೀತು ಅಂತ ನೀ ಹೇಳೂದಲ್ಲ, ಮನಿಯವರು ಹೇಳಬೇಕು."

ಚೌಡವ್ವ ಉಳಿದ ಚೀಟಿಗಳನ್ನೆಲ್ಲ ಮೊದಲ ಖಾನೆಗೆ ತಳ್ಳಿ, ಅಡಿಗೆ ಕಟ್ಟೆಯದೊಂದನ್ನೇ ನಡುವೆ ಉಳಿಸಿದಳು.

ಬೇರೆ ದಾರಿಯಿಲ್ಲದೆ ಗುದ್ಲೆಪ್ಪ ಕಟ್ಟೆ ಮುಗಿಸಿಯೇ ಬಿಟ್ಟ. ಅವನಿಗೇ ನಂಬಿಕೆ ಬರಲಿಲ್ಲ. ಹಿಗ್ಗಿನಿಂದ ಚೀಟಿ ಸರಿಸಲು ಹೋದರೆ ಚೌಡವ್ವ, "ಮೂಲಿ ತುಸು ಒರಟ ಐತ್ರಿ" ಎಂದಳು. ಉಜ್ಜಿದ. ಮರುದಿನ, "ಯಾಕೋ ವಾಲಿದಂಗ ಕಾಣ್ತೈತ್ರಿ." ಮಟ್ಟ ಹಿಡಿದು ತೋರಿಸಿದ. ಈ ನಡುವೆ ದಿನಾ ಬಿಸಿ ರೊಟ್ಟಿ, ಝುಣಕ, ಮತ್ತು ವರ್ಷಗಳಿಂದ ಉಳಿದುಹೋಗಿದ್ದ ಮಾತುಗಳು. ಗುದ್ಲೆಪ್ಪನ ಹೊಟ್ಟೆಯೂ ಮುಂದೆ ಬಂತು.

ಒಂದು ಮುಂಜಾನೆ ತಿಳವಳ್ಳಿಯ ಮಾಲತೇಶ ತುಕ್ಕು ಹಿಡಿದ ಕರಣಿ ಹಿಡಿದುಕೊಂಡೇ ಬಂದ. "ಗೌಂಡ್ಯಾರ, ನಿಮ್ಮ ಕರಣಿ ಬಂತು. ನನ್ನ ಬಚ್ಚಲ ಗ್ವಾಡಿ ಯಾವಾಗ ಬರ್ತೈತ್ರಿ?"

ಗುದ್ಲೆಪ್ಪ ಹೆಂಡತಿಯತ್ತ ತಿರುಗಿದ. "ಖರೇ ಹೇಳು, ಕಟ್ಟಿ ಮುಗೀತೋ ಇಲ್ಲೋ?"

ಚೌಡವ್ವನ ಕಣ್ಣು ತುಂಬಿದವು. "ಯಾವಾಗೋ ಮುಗದೈತ್ರಿ. ಮುಗೀತಂದ್ರ ನೀವು ಹೊಂಟಬಿಡ್ತೀರಲ್ಲ."

ಶ್ವೇತಾಳ ತರಬೇತಿಯಲ್ಲಿ ಇದಕ್ಕೆ ಖಾನೆ ಇರಲಿಲ್ಲ. ಚೌಡವ್ವನೇ ಮೂಗು ಒರೆಸಿಕೊಂಡು ಚೀಟಿಯನ್ನು ಮುಗಿದದ್ದಕ್ಕೆ ಸರಿಸಿದಳು. ಆಮೇಲೆ ಗಂಡನ ಚೀಲದಿಂದ ಅವನ ಹೊಸ ಕರಣಿ ತೆಗೆದು ಕಟ್ಟೆಯ ಮೇಲಿಟ್ಟಳು.

"ಇದು ಇಲ್ಲೇ ಇರಲಿ. ಕರಣಿ ಇಟ್ಟಲ್ಲಿಗೆ ಬರ್ತೇನಂತ ಊರಿಗೆಲ್ಲ ನಂಬಿಸೀರಿ. ನಾನೂ ನಂಬತೇನಿ, ಹೋಗಿಬರ್ರಿ."

ಗುದ್ಲೆಪ್ಪ ಮಾಲತೇಶನ ಕೈಯಲ್ಲಿದ್ದ ತುಕ್ಕಿನದನ್ನೇ ಇಸಿದುಕೊಂಡು ತಿಳವಳ್ಳಿ ಬಸ್ಸು ಹತ್ತಿದ. ದೀಪ ಹಚ್ಚುವ ಹೊತ್ತಿಗೆ ಮೈತುಂಬ ಸಿಮೆಂಟಿನೊಂದಿಗೆ ಬಾಗಿಲಲ್ಲಿ ನಿಂತಿದ್ದ. ಕರಣಿ ಇಟ್ಟಲ್ಲಿಗೆ ಅವನು ಅದೇ ದಿನ ತಿರುಗಿ ಬಂದದ್ದು ಜೀವಮಾನದಲ್ಲಿ ಅದೇ ಮೊದಲು.