ಮದ್ದು ಹೊಡೆಯುವ ಅಂಗಿ

ಸೂಜಿಗೆ ದಾರ ಹೋಗಲಿಲ್ಲ. ಅದೇ ಮೊದಲು.

ನನ್ನ ಗಂಡ ಹತ್ತಿಗೆ ಮದ್ದು ಹೊಡೆಯುವಾಗ ಹಾಕಿಕೊಳ್ಳುವ ಹಳೇ ನೀಲಿ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಂಗಿ ಒಗೆದು ಒಣಗಿಸಿ, ಕೈಗೆ ಸಿಕ್ಕ ಕೆಂಪು ಗುಂಡಿಯನ್ನೇ ಹೊಲಿಯಲು ಕೂತೆ. ಕಣ್ಣು ಮಂಜಾಯಿತು. ಬೆರಳು ನಡುಗಿದವು. ಬಾಯಲ್ಲಿ ನೀರೂರುತ್ತಲೇ ಇತ್ತು. ಹೇಗೋ ಹೊಲಿದು ಮುಗಿಸಿ, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ನಮ್ಮ ಮನೆ ಕೇರಳದ ಗಡಿಯೂರು ಬಾವಲಿಯಲ್ಲಿ. ಚೆಕ್‌ಪೋಸ್ಟ್ ದಾಟಿದರೆ ಕರ್ನಾಟಕ. ಅಲ್ಲಿ ಗುತ್ತಿಗೆಗೆ ಹಿಡಿದ ಹೊಲದಲ್ಲಿ ನಮ್ಮ ಹತ್ತಿ. ನಾನು ಹೊಲಕ್ಕೆ ಹೋಗುವವಳಲ್ಲ. ಅಡುಗೆ, ಬಟ್ಟೆ, ಎರಡು ಹಸು, ಇಷ್ಟೇ. ಡಾಕ್ಟರುಗಳಿಗೂ ಹಾಗೇ ಹೇಳಿದೆ. ಒಬ್ಬರು ಗ್ಯಾಸ್ಟ್ರಿಕ್ ಎಂದರು. ಇನ್ನೊಬ್ಬರು ಶುಗರ್ ಟೆಸ್ಟ್ ಮಾಡಿಸಿದರು, ನಾರ್ಮಲ್. ಮೂರನೆಯವರು ಟೆನ್ಷನ್ ಎಂದು ನಿದ್ದೆ ಮಾತ್ರೆ ಬರೆದರು. ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯಿತು. ಹಸುವಿಗೆ ಕಾಯಿಲೆಯಾದರೆ ಏನು ಮೇಯಿತು ಎಂದಾದರೂ ಕೇಳುತ್ತಾರೆ, ಹೆಂಗಸಿಗಾದರೆ ಟೆನ್ಷನ್.

ಕೊನೆಗೆ ಮಾನಂತವಾಡಿಯ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದೆ. ಐದು ದಿನಕ್ಕೆ ನಡುಕ ನಿಂತಿತು. ಮನೆಗೆ ಬಂದರೆ ಒಗೆಯುವ ಕಲ್ಲಿನ ಪಕ್ಕ ಐದು ದಿನದ ಬಟ್ಟೆ ಗುಡ್ಡೆ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಬೈದುಕೊಳ್ಳುತ್ತಲೇ ನೆನೆಹಾಕಿ, ಉಜ್ಜಿ, ಹಿಂಡಿ ಹರವಿದೆ.

ಸಂಜೆಗೆ ಮತ್ತೆ ಅದೇ ನಡುಕ, ಮತ್ತೆ ಆಸ್ಪತ್ರೆ.

ಈ ಸಲ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ ಇದ್ದರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಇಲ್ಲಿದ್ದರೆ ಸರಿಹೋಗುತ್ತದೆ, ಮನೆಗೆ ಹೋದರೆ ಕೆಡುತ್ತದೆ, ಮನೆಯಲ್ಲಿ ಏನು ವಿಷ ಇದೆ ಚೇಚಿ, ಅಂದರೆ ಅಕ್ಕಾ, ಎಂದು ಮಲಯಾಳದಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿದರು: "ವಿಷ ಎಲ್ಲಿಂದ ಬರ್ಬೇಕು ಡಾಕ್ಟ್ರೇ? ನಮ್ದು ಬಿ.ಟಿ. ಹತ್ತಿ. ಬೀಜದಲ್ಲೇ ತಡೆ ಇದೆ, ಕಾಯಿಕೊರಕ ಹುಳ ಬೀಳಲ್ಲ."

"ಹಾಗಾದರೆ ಏನೂ ಹೊಡೆಯೋದೇ ಇಲ್ಲವಾ?"

"ಜಿಗಿಹುಳಕ್ಕೆ ಹೊಡೀಲೇಬೇಕಲ್ಲ. ವಾರಕ್ಕೆ ಎರಡು ಸಲ."

"ಆ ಬಟ್ಟೆ ಒಗೆಯೋದು ಯಾರು?"

ಗಂಡ ನನ್ನ ಮುಖ ನೋಡಿದರು.

ಡಾಕ್ಟರ್ ರಕ್ತ ಪರೀಕ್ಷೆಗೆ ಕಳಿಸಿದರು. ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಎಂಬ ಅಂಶ ತೀರ ಕಡಿಮೆ ಇತ್ತು. ಕೀಟನಾಶಕ ಮೈಗೆ ಸೇರಿದರೆ ಅದು ಹಾಗೆ ಇಳಿಯುತ್ತದಂತೆ. ಗಂಡ ಮದ್ದು ಹೊಡೆದು ಬಂದು ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದರು. ನಾನು ಬಿರುಕು ಬಿಟ್ಟ ಬರಿಗೈಯಲ್ಲಿ ಅವರ ಅಂಗಿ ಹಿಂಡುತ್ತಿದ್ದೆ. ಬೀಜದಿಂದಲೇ ಬಂದ ಕಾಯಿಲೆಯಾ ಎಂದು ಪಕ್ಕದ ಮನೆಯವರು ಕೇಳಿದರು. ಬೀಜದಿಂದಲ್ಲ, ಹೊಡೆದ ಮದ್ದಿನಿಂದ ಎಂದು ಡಾಕ್ಟರ್ ಹೇಳಿದ್ದರು. ಆದರೆ ಒಂದು ಹುಳದ ಭಯ ಹೋಯಿತೆಂಬ ಖುಷಿಯಲ್ಲಿ, ಉಳಿದ ಹುಳಗಳಿಗೆ ಸುರಿದದ್ದು ವಿಷ ಎನ್ನುವುದನ್ನೇ ನಾವು ಮರೆತುಬಿಟ್ಟಿದ್ದೆವು. ಮೊದಲಿನ ಮೂವರು ಡಾಕ್ಟರುಗಳೂ ಒಗೆಯುವ ಕಲ್ಲಿನ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಟ್ಟೆ ಒಗೆಯುವುದನ್ನು ಯಾರಾದರೂ ಕೆಲಸ ಎಂದು ಹೇಳಿಕೊಳ್ಳುತ್ತಾರೆಯೇ?

ಈಗ ಸೂಜಿಗೆ ದಾರ ಹೋಗುತ್ತದೆ. ಆ ಡಾಕ್ಟರನ್ನು ದಿನಾ ನೆನೆಯುತ್ತೇನೆ. ಅವರು ಹೇಳಿದಂತೆ ದಪ್ಪ ರಬ್ಬರ್ ಗ್ಲೌಸ್ ತಂದಿಟ್ಟೆವು. "ಇನ್ನು ನಾನು ಹೊಡೆಯಲ್ಲ, ಬೊಮ್ಮಂಗೆ ಹೇಳಿದೀನಿ" ಎಂದರು ಗಂಡ. ಬೊಮ್ಮ ನಮ್ಮ ಹೊಲದ ಆಳು. ಸದ್ಯ, ಕಾಟ ತಪ್ಪಿತು ಎಂದುಕೊಂಡೆ.

ಕಳೆದ ತಿಂಗಳು ಹಾಲು ಕೊಡಲು ಬೊಮ್ಮನ ಮನೆಗೆ ಹೋದೆ. ಅವನ ಹೆಂಡತಿ ಕಾಳಿ ಅಂಗಳದ ಕಲ್ಲಿನ ಮೇಲೆ ನೀಲಿ ಅಂಗಿ ಉಜ್ಜುತ್ತಿದ್ದಳು. ಮೊಣಕೈವರೆಗೂ ನೊರೆ.

ಅಂಗಿಗೆ ಒಂದು ಕೆಂಪು ಗುಂಡಿ ಇತ್ತು.

"ನಿಮ್ಮೋರೇ ಕೊಟ್ರು ಅಕ್ಕಾ, ಮದ್ದು ಹೊಡೆಯಾಕೆ" ಎಂದಳು.

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. "ಬಿಡೇ ಅದನ್ನ!" ಎಂದು ಕಿರುಚಿಬಿಟ್ಟೆ. ಪಾಪ, ತಪ್ಪು ಮಾಡಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಸೋಪು ಹಚ್ಚಿ ಅವಳ ಕೈ ತೊಳೆಸಿ, ಎಲ್ಲ ಹೇಳಿ, ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದೆ. ಕಾಫಿ ಕುಡಿಯುತ್ತಿದ್ದ ಗಂಡನ ಮುಂದೆ ಇಟ್ಟು, ಮೇಲೆ ಗ್ಲೌಸ್ ಇಟ್ಟೆ.

"ಏನಿದು?"

"ಒಗೀರಿ."

ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಗ್ಲೌಸ್ ಹಾಕಿಕೊಂಡು ಕಲ್ಲಿನ ಹತ್ತಿರ ಹೋದರು. ಬೊಮ್ಮ ಮದ್ದು ಹೊಡೆದ ದಿನ ಅವನ ಬಟ್ಟೆ ಈಗ ನಮ್ಮ ಮನೆಗೇ ಬರುತ್ತದೆ, ಇವರೇ ಒಗೆಯುತ್ತಾರೆ. ಮದ್ದು ಹೊಡೆಯುವುದೇನೂ ನಿಂತಿಲ್ಲ; ಅದಕ್ಕೆ ನನ್ನ ಜಗಳವೂ ನಿಂತಿಲ್ಲ.