ಬೊಂಡ, ಬನ್ನಂಗಾಯಿ ಮತ್ತು ಅತ್ತೆಯ ಉಸಿರು

ಕಡಬದ ನನ್ನ ಅತ್ತೆಯ ಮನೆಗೆ ಹೋದವರು ಮೊದಲು ನೋಡಬೇಕಾದದ್ದು ಅವರ ಶೋಕೇಸು. ಕಬಡ್ಡಿಯಲ್ಲಿ ಗೆದ್ದ ಕಪ್ಪುಗಳು ಅಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಮೊನ್ನೆ ಹೋದಾಗ ಎಲ್ಲಕ್ಕಿಂತ ಮುಂದೆ ಒಂದು ಪ್ಲಾಸ್ಟಿಕ್ಕಿನ ಸಾಮಾನು ಕಂಡಿತು. ಪಕ್ಕಪಕ್ಕ ಮೂರು ಕೊಳವೆ, ಒಂದೊಂದರಲ್ಲಿ ಒಂದೊಂದು ಚೆಂಡು, ಬಾಯಿಗಿಟ್ಟುಕೊಳ್ಳಲು ಒಂದು ನಳಿಗೆ. ಉಸಿರು ಒಳಗೆಳೆದು ಚೆಂಡು ಏರಿಸಲು ಆಸ್ಪತ್ರೆಯವರು ಕೊಡುತ್ತಾರಲ್ಲ, ಅದು. ನೀವೂ ಎಲ್ಲಾದರೂ ನೋಡಿರಬಹುದು. ಹತ್ತಿರ ಯಾರೂ ಇಲ್ಲದ್ದು ನೋಡಿ, ನಳಿಗೆಯನ್ನು ಅಂಗಿಯ ತುದಿಯಿಂದ ಒರೆಸಿ ನಾನೂ ಎಳೆದೆ. ಎರಡು ಚೆಂಡು ಎದ್ದವು. ಮೂರನೆಯದು ನನ್ನ ಯೋಗ್ಯತೆ ತಿಳಿದಂತೆ ಕೂತಲ್ಲೇ ಕೂತಿತು.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ, ಊರಿಗೆಲ್ಲ ಪಿ.ಟಿ. ಟೀಚರ್. ಹೈಸ್ಕೂಲಿನ ಹುಡುಗಿಯರಿಗೆ ಕಬಡ್ಡಿ ಕಲಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ರೈಡಿಗೆ ಇಳಿಯುತ್ತಿದ್ದರು. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಆ ಕಡೆಯ ಮೂಲೆಯವರೆಗೂ ಹೋಗಿ ಬರುತ್ತಿದ್ದರು. "ಹೋಗುದು ದೊಡ್ಡದಲ್ಲ ಮಕ್ಕಳೇ. ಉಸಿರು ಇರುವಾಗಲೇ ಗೆರೆಗೆ ವಾಪಸ್ ಬರುದು, ಅದು ಕಬಡ್ಡಿ" ಎನ್ನುವುದು ಅವರ ನಿತ್ಯದ ಮಾತು. ರಜೆಯಲ್ಲಿ ನಾನು ಹೋದರೆ ನನ್ನನ್ನು ಸ್ಕೋರು ಹೇಳಲು ಕೂರಿಸುತ್ತಿದ್ದರು. ಯಾಕೆಂದು ನೀವು ಕೇಳಬಾರದು.

ಅಂಥ ಅತ್ತೆಗೆ ಒಮ್ಮೆ ಜ್ವರ, ಕೆಮ್ಮು, ಬಲಪಕ್ಕೆಯಲ್ಲಿ ಚುಚ್ಚುವ ನೋವು. ಆಟದಲ್ಲಿ ಎಲ್ಲೋ ಉಳುಕಿದ್ದು ಎಂದು ಎಣ್ಣೆ ತಿಕ್ಕಿ ಕಷಾಯ ಕುಡಿದು ದಿನ ದೂಡಿದರು. ಕಡೆಗೆ ಶಾಲೆಯ ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ಕುಳಿತುಬಿಟ್ಟರು. ಪುತ್ತೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ನ್ಯುಮೋನಿಯಾ ಆಗಿ, ಶ್ವಾಸಕೋಶದ ಹೊರಗೆ ಪಕ್ಕೆಲುಬಿನ ಗೂಡಿನ ಒಳಗೆ ಕೀವು ತುಂಬಿದೆ ಎಂದರು. ಪಕ್ಕೆಯಲ್ಲಿ ತೂತು ಮಾಡಿ ಟ್ಯೂಬು ಇಳಿಸಿ, ಅದರ ಇನ್ನೊಂದು ತುದಿಯನ್ನು ನೀರಿದ್ದ ಬಾಟ್ಲಿಯಲ್ಲಿ ಮುಳುಗಿಸಿದರು. "ಇದು ಸಾಕಾಗದಿದ್ರೆ ಕೀಹೋಲ್" ಎಂದು ಡಾಕ್ಟರು ಆಗಲೇ ಒಂದು ಮಾತು ಹೇಳಿದ್ದರು.

ಪಕ್ಕದ ಹಾಸಿಗೆಯಲ್ಲಿ ಮರ್ಕಂಜದ ಅಕ್ಕ ಒಬ್ಬರಿದ್ದರು. ಅದೇ ಕಾಯಿಲೆ, ಅದೇ ಟ್ಯೂಬು. ಆದರೆ ಅವರು ನೋವು ಸುರುವಾದ ಕೂಡಲೇ ಬಂದವರು. ಅವರ ಕೀವೆಲ್ಲ ಬಾಟ್ಲಿಗೆ ಇಳಿದು, ಜ್ವರ ಬಿಟ್ಟು, ಅತ್ತೆಗೆ ಕೈಬೀಸಿ ಮನೆಗೆ ಹೋದರು. ಅತ್ತೆಯದು ಸ್ವಲ್ಪ ಬಂದು ನಿಂತೇ ಹೋಯಿತು. ಜ್ವರ ಮತ್ತೆ ಏರಿತು.

ಆಗ ಸರ್ಜನ್ ಬಂದರು. ಸಣ್ಣ ಪ್ರಾಯದ ಹೆಂಗಸು, ಮಾತು ಮೆಲ್ಲಗೆ. "ಇನ್ನು ಟ್ಯೂಬಿನಲ್ಲಿ ಬರುದು ಕಷ್ಟ. ಕೀಹೋಲ್ ಮಾಡುವ."

ಅತ್ತೆಯ ಗಂಡ, ನನ್ನ ಮಾವ, ಎದ್ದು ನಿಂತರು. "ಅದು ಆಗಿದೆಯಲ್ಲ ಡಾಕ್ಟ್ರೆ! ಪುನಃ ಎಂತಕ್ಕೆ?"

ಮಾವನ ಕಿವಿಗೆ ಬಿದ್ದದ್ದು 'ಕೀವುಹೋಲು'. ಕೀವು ಬರಲಿಕ್ಕೆ ಮಾಡುವ ಹೋಲು. ಪಕ್ಕೆಯಲ್ಲಿ ಕಾಣುವ ಹಾಗೆ ಹೋಲಿದೆ, ಅದರಿಂದ ಕೀವೂ ಬಂದಿದೆ. ಸಂಪಾಜೆಯ ನೆಂಟರವರೆಗೆ ಎಲ್ಲರಿಗೂ ಫೋನು ಮಾಡಿ 'ಕೀವುಹೋಲು ಆಯ್ತು' ಎಂದು ತಿಳಿಸಿಯೂ ಆಗಿದೆ. "ಇರುವ ಹೋಲಿನಲ್ಲೇ ತೆಗೀರಿ. ಇನ್ನೊಂದು ತೂತಿಗೆ ನಾನು ಸೈನ್ ಹಾಕುದಿಲ್ಲ" ಎಂದು ಕೂತರು.

ಕಾಲೇಜು ಮೆಟ್ಟಿಲು ಹತ್ತಿದವನಲ್ಲವೇ ನಾನು, ಬಾಯಿ ಹಾಕಿದೆ. "ಕೀವು ಅಲ್ಲ ಮಾವ, ಕೀ. ಬೀಗದ ಕೀ ಹಾಕುವ ತೂತು ಉಂಟಲ್ಲ, ಅದು."

"ಇವಳ ಎದೆಗೆ ಬೀಗ ಹಾಕಿದ್ದು ಯಾರು ಮಾರಾಯ?" ಎಂದರು ಮಾವ. ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ಆ ಡಾಕ್ಟರ ಮೇಲಿನ ನನ್ನ ಗೌರವ ಇಂದಿಗೂ ಇಳಿದಿಲ್ಲ. ಅವರು ನಗಲಿಲ್ಲ, ರೇಗಲಿಲ್ಲ. ಸ್ಟೂಲು ಎಳೆದು ಮಾವನ ಎದುರು ಕುಳಿತರು. "ಅಂಕಲ್, ಬೊಂಡಕ್ಕೆ ತೂತು ಮಾಡಿ ಸ್ಟ್ರಾ ಹಾಕಿದ್ರೆ ನೀರೆಲ್ಲ ಬರ್ತದೆ ಅಲ್ವಾ? ಮರ್ಕಂಜದವರದ್ದು ಬೊಂಡ. ಟ್ಯೂಬೇ ಸಾಕಾಯ್ತು, ಆಪರೇಶನ್ ಬೇಕಾಗ್ಲಿಲ್ಲ. ಟೀಚರ್ದು ಬನ್ನಂಗಾಯಿ. ಒಳಗೆ ತಿರುಳು ಕಟ್ಟಿ ಅಂಟಿಕೊಂಡಿದೆ, ಸ್ಟ್ರಾದಲ್ಲಿ ಬರುದಿಲ್ಲ. ಸಣ್ಣ ತೂತುಗಳಲ್ಲಿ ಕ್ಯಾಮರಾ ಇಳಿಸಿ ನೋಡಿಕೊಂಡು ಕೆರೆದು ತೆಗೀಬೇಕು. ಟ್ಯೂಬಿನಲ್ಲಿ ಕರಗಿಸುವ ಮದ್ದು ಬಿಟ್ಟು ನೋಡ್ಲಿಕ್ಕೂ ಆಗ್ತದೆ. ಆದ್ರೆ ಅದು ಹಿಡೀದಿದ್ರೆ ಅಷ್ಟೊತ್ತಿಗೆ ಕಾಯಿ ಬಲಿತಿರ್ತದೆ. ಮತ್ತೆ ಎದೆಯನ್ನೇ ದೊಡ್ಡದಾಗಿ ತೆರೀಬೇಕಾಗ್ತದೆ."

ಮಾವ ಜೀವಮಾನವಿಡೀ ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟಿ, ಎಳನೀರಿನ ಬೊಂಡವೋ ಅರೆಬಲಿತ ಬನ್ನಂಗಾಯಿಯೋ ಎಂದು ಹೇಳಿದವರು; ಈ ಲೆಕ್ಕ ಅವರಿಗೆ ಕೂಡಲೇ ಹಿಡಿಯಿತು. ಹೆಂಡತಿಯ ಮುಖ ನೋಡಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಉಸಿರು ಪೂರ್ತಿ ವಾಪಸ್ ಬರ್ತದಾ?"

"ಪೂರ್ತಿ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ ಟೀಚರ್. ಆಪರೇಶನಿಗೆ ಮದ್ದು ಕೊಟ್ಟು ಬೋಧ ತಪ್ಪಿಸ್ಬೇಕು, ಅದರದ್ದೂ ಅಪಾಯ ಉಂಟು. ಮುದುಡಿದ ಶ್ವಾಸಕೋಶಕ್ಕೆ ಅರಳ್ಲಿಕ್ಕೆ ಜಾಗ ಮಾಡಿ ಕೊಡ್ತೇನೆ. ಅರಳಿಸುದು ನೀವು."

"ಹಾಗಾದ್ರೆ ಮಾಡಿ. ಆಡುವ ಮೊದ್ಲೇ ಗೆದ್ದೆ ಅಂತ ಹೇಳುವವರನ್ನು ನಾನು ನಂಬುದಿಲ್ಲ. ನೀವು ಹೇಳ್ಲಿಲ್ಲ" ಎಂದರು ಅತ್ತೆ. ಎದೆಯೊಳಗೆ ಕೀವು ಗಟ್ಟಿಯಾಗುತ್ತಿರುವಾಗ ಹೀಗೆ ಮಾತಾಡುವ ಧೈರ್ಯ ನನಗೆ ಇನ್ನೊಂದು ಜನ್ಮಕ್ಕೂ ಬರಲಿಕ್ಕಿಲ್ಲ.

ಆಪರೇಶನ್ ಆಯಿತು. ಆಮೇಲೂ ಕೆಲವು ದಿನ ಪಕ್ಕೆಗೆ ಟ್ಯೂಬು ಇತ್ತು. ಕೀಹೋಲು ಮಾಡಿದರೂ ಅದು ತಪ್ಪುವುದಿಲ್ಲವಂತೆ. ಮಾವ ಅದನ್ನು ಕಂಡು 'ನಾನು ಹೇಳಿದ ಕೀವುಹೋಲು ಕಡೆಗೂ ಬೇಕಾಯ್ತಲ್ಲ' ಎಂಬ ಮುಖ ಮಾಡಿದರು. ಅತ್ತೆ ಬಾಟ್ಲಿಯನ್ನು ಕೈಯಲ್ಲಿ ಹಿಡಿದು ವರಾಂಡದಲ್ಲಿ ನಡೆದರು, ನೋವಿಗೆ ಹಲ್ಲು ಕಚ್ಚಿ ಚೆಂಡು ಏರಿಸಿದರು. ಮೊದಮೊದಲು ಒಂದೂ ಏಳುತ್ತಿರಲಿಲ್ಲ.

"ಎಷ್ಟು ಎದ್ದಿತು?"

ಮೊನ್ನೆ ಶೋಕೇಸಿನ ಮುಂದೆ ಆ ಸಾಮಾನು ಹಿಡಿದು ನಿಂತ ನನ್ನನ್ನು ಅತ್ತೆ ಹಿಂದಿನಿಂದ ಹಿಡಿದದ್ದು ಹೀಗೆ.

"ಎರಡು."

"ನಂಗೂ ಎರಡೇ. ಮೂರನೇದು ಅರ್ಧ ಎದ್ದು ಕೂತುಕೊಳ್ತದೆ." ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನಗೆ ಸಂಕಟವಾಯಿತು. ಸಮಾಧಾನದ ಮಾತು ಹುಡುಕುತ್ತಿದ್ದೆ, ಅಷ್ಟರಲ್ಲಿ "ಅಂಗಳಕ್ಕೆ ಬಾ" ಎಂದರು.

ಸೆರಗು ಸಿಕ್ಕಿಸಿ, ಕಾಲಿನ ಹೆಬ್ಬೆರಳಲ್ಲಿ ಗೆರೆ ಎಳೆದರು. ನಾನು ಆಚೆ ನಿಲ್ಲಬೇಕು, ಅವರನ್ನು ಹಿಡಿಯಬೇಕು. ಸ್ಕೋರು ಹೇಳುವವನಿಗೆ ಕಡೆಗೂ ಬಡ್ತಿ ಸಿಕ್ಕಿತು. ಜಗಲಿಯಲ್ಲಿ ಮಾವ ಪೇಪರು ಕೆಳಗಿಟ್ಟರು.

"ಕಬಡ್ಡಿ, ಕಬಡ್ಡಿ, ಕಬಡ್ಡಿ..."

ಮೊದಲಿನ ಜೋರು ಇರಲಿಲ್ಲ. ಅಂಗಳದ ಮೂಲೆಯವರೆಗೆ ಹೋಗಲೂ ಇಲ್ಲ. ನೇರ ಬಂದು ನನ್ನ ಮೊಣಕಾಲು ತಟ್ಟಿ ತಿರುಗಿದರು. ಹಿಡಿಯಬೇಕಾದ ನಾನು, ಮುಂದಿನ 'ಕಬಡ್ಡಿ' ಬರುತ್ತದೋ ಇಲ್ಲವೋ ಎಂದು ನನ್ನ ಉಸಿರನ್ನೇ ಹಿಡಿದು ನಿಂತಿದ್ದೆ. ಬಂತು. ಗೆರೆಯವರೆಗೂ ಕಡಿಯದೆ ಬಂತು.

"ಎಂತ ನೋಡ್ತಾ ನಿಂತದ್ದು?" ಎಂದರು ಅತ್ತೆ, ಗೆರೆಯ ಆಚೆಯಿಂದ. "ನೀನು ಔಟ್. ಹೊರಗೆ ಹೋಗು."