ಮದ್ದೂರಿನ ಹತ್ತಿರ ಸೀಜಾದ ಭಾವನ ಕಾರು

ನನ್ನ ಭಾವ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಏಳು ತಿಂಗಳು ನೀರಿನ ಮೇಲಿದ್ದರೆ ಮೂರು ತಿಂಗಳು ಚಾಮರಾಜನಗರದಲ್ಲಿರುತ್ತಾರೆ. ಆ ಮೂರು ತಿಂಗಳೂ ಕಾರು ಒರೆಸುತ್ತಾರೆ. ಟರ್ಬೊ ಇರುವ ಪೆಟ್ರೋಲ್ ಕಾರು ಅದು. ಕಂಪನಿ ಕೊಟ್ಟ ಶಕ್ತಿ ಸಾಲದೆಂದು ಬೆಂಗಳೂರಿಗೆ ಒಯ್ದು ಅದರ ಕಂಪ್ಯೂಟರಿಗೆ ಬೇರೆ ಪಾಠ ಹೇಳಿಸಿಕೊಂಡು ಬಂದಿದ್ದರು. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ನಾವು ಮುಂದಿನ ಸೀಟಿನಲ್ಲಿ, ಬೆಳಿಗ್ಗೆ ತಿಂದ ಇಡ್ಲಿ ಹಿಂದಿನ ಸೀಟಿನಲ್ಲಿ.

ಹೋದ ವರ್ಷ ಹಡಗಿಗೆ ಹೊರಡುವ ದಿನ ಭಾವ ಕೀ ಹಿಡಿದುಕೊಂಡು ಯೋಚಿಸುತ್ತ ನಿಂತಿದ್ದರು. ಗಾಡಿ ನಿಂತಲ್ಲೇ ನಿಂತರೆ ಹಾಳು, ವಾರಕ್ಕೊಂದು ಸಲ ಹತ್ತು ಕಿಲೋಮೀಟರಾದರೂ ಓಡಬೇಕು. ಅಕ್ಕನಿಗೆ ಓಡಿಸಲು ಬರುತ್ತದೆ, ಆದರೆ ಆ ಗಾಡಿಯ ಗುರುಗುರು ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತದೆ. ಉಳಿದವನು ನಾನು. ನನ್ನ ಚರಿತ್ರೆಯನ್ನು ನಮ್ಮೂರು ಹರವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಟ್ರಾಕ್ಟರನ್ನು ರಿವರ್ಸ್ ತೆಗೆಯಲು ಹೋಗಿ ಅರಿಶಿನ ಬೇಯಿಸುವ ಕೊಪ್ಪರಿಗೆಯನ್ನು ಊಟದ ತಟ್ಟೆ ಮಾಡಿದವನು ನಾನೇ.

"ನನ್ ಮಾತ್ ಮ್ಯಾಲೆ ಕೊಡಿ. ಏನಾರ ಆದ್ರೆ ನನ್ನ ಕೇಳಿ," ಎಂದಳು ಅಕ್ಕ.

ಭಾವ ನನ್ನ ಮುಖ ನೋಡಲಿಲ್ಲ. "ನಿನ್ ಮಾತ್ ಮೇಲೇ ಕೊಡ್ತಿರೋದು. ಅವನ್ ಮೇಲಲ್ಲ," ಎಂದು ಕೀಯನ್ನು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ನನ್ನ ಕೈಗಿಟ್ಟಳು.

ಆರು ತಿಂಗಳು ನಾನು ದೇವರಂಥವನಾಗಿದ್ದೆ. ಪ್ರತಿ ಭಾನುವಾರ ತೆರಕಣಾಂಬಿ ದಾರಿಯಲ್ಲಿ ಸ್ವಲ್ಪ ದೂರ ಹೋಗುವುದು, ವಾಪಸ್ ಬರುವುದು. ಭಾವ ಬರಲು ಇನ್ನೊಂದೇ ತಿಂಗಳು ಉಳಿದಿದ್ದಾಗ ಒಂದು ಭಾನುವಾರ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಬಾನೆಟ್ ಎತ್ತಿ, ಟ್ರಾಕ್ಟರಿಗೆ ನೋಡುವ ಹಾಗೆ, ಎಂಜಿನ್ ತಣ್ಣಗಿಡುವ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ನೀರು ನೋಡಿದೆ. ಇತ್ತು. ಬಹಳ ತಿಳಿದವನ ಹಾಗೆ ತಲೆಯಾಡಿಸಿದೆ. ಆ ತಲೆಯಾಡಿಸುವ ಗಡಿಬಿಡಿಯಲ್ಲಿ ಮುಚ್ಚಳ ಪೂರ್ತಿ ತಿರುಗಿಸುವುದನ್ನು ಮರೆತೆ.

ತೆರಕಣಾಂಬಿಗೆ ಅಂತ ಅಕ್ಕನಿಗೆ ಹೇಳಿ ಹೊರಟವನು ಗುಂಡ್ಲುಪೇಟೆಯಲ್ಲಿ ಟೀ ಕುಡಿಯುತ್ತಿದ್ದೆ. ಕೇರಳದ ಇಬ್ಬರು ಹುಡುಗರು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ "ಅಡಿಪೊಳಿ" ಎಂದರು. ಸಖತ್ ಅಂತ. ನನಗೆ ಗೊತ್ತಿರುವ ಮಲಯಾಳಂ ಇಷ್ಟೇ, ಆದರೆ ಅಷ್ಟು ಸಾಕಾಯಿತು. ಗಾಡಿ ಬಲಕ್ಕೆ ತಿರುಗಿ ಕೇರಳಕ್ಕೆ ಹೋಗುವ ಮದ್ದೂರಿನ ಕಾಡಿನ ರಸ್ತೆ ಹಿಡಿಯಿತು. ನಾನು ತಿರುಗಿಸಲಿಲ್ಲ ಅಂತ ಆಮೇಲೆ ಎಲ್ಲರ ಹತ್ತಿರವೂ ಹೇಳಿದ್ದೇನೆ, ಯಾರೂ ನಂಬಲಿಲ್ಲ.

ನೂರರ ಮೇಲೆ ಹೋಗುತ್ತಿದ್ದಾಗ ಮುಂದೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಅಲೆಗಳ ಮೇಲೆ ಒಂದು ಪುಟ್ಟ ದೋಣಿ ನಿಂತಂತಿರುವ ಚಿತ್ರ. ನನಗೆ ಎಷ್ಟು ಸಂತೋಷವಾಯಿತೆಂದರೆ! ಭಾವ ಹಡಗಿನವರಲ್ಲವೇ, ಇಷ್ಟಪಟ್ಟು ಹಾಕಿಸಿದ್ದಾರೆ ಅಂದುಕೊಂಡೆ. ಅದು ದೋಣಿಯಲ್ಲ, ಎಂಜಿನ್ ಕಾದಿದೆ ನಿಲ್ಲಿಸೋ ಅಂತ ಹೇಳುವ ಥರ್ಮಾಮೀಟರು ಅಂತ ತಿಳಿಯುವ ಹೊತ್ತಿಗೆ ಬಾನೆಟ್ಟಿನಿಂದ ಬೇಯಿಸಿದ ವಾಸನೆ ಬರುತ್ತಿತ್ತು. ಆಗಲಾದರೂ ನಿಲ್ಲಿಸಬೇಕಿತ್ತು. ಆದರೆ ರಸ್ತೆ ಪಕ್ಕದಲ್ಲಿ, ಕಾಡಿನಲ್ಲಿ ವಾಹನ ನಿಲ್ಲಿಸಬಾರದು ಎಂಬ ಬೋರ್ಡು. ಹುಟ್ಟಿದ ಮೇಲೆ ನಾನು ಪಾಲಿಸಿದ ಮೊದಲ ಬೋರ್ಡು ಅದೇ. ಒಂದು ಕಿಲೋಮೀಟರ್ ಪಾಲಿಸಿದೆ. ಆಮೇಲೆ ಕಬ್ಬಿಣ ಕಬ್ಬಿಣವನ್ನು ಕಚ್ಚಿದಂತೆ 'ಕಿರ್ರ್' ಅಂದು ಗಾಡಿ ತಾನೇ ನಿಂತಿತು. ಕೀ ತಿರುಗಿಸಿದರೆ 'ಟಕ್', ಅಷ್ಟೇ.

ಬೆವರುತ್ತ ಕೂತೆ. ಇಳಿಯಲು ಧೈರ್ಯವಿಲ್ಲ, ಏಕೆಂದರೆ ಎಡಗಡೆಯ ಲಂಟಾನದ ಪೊದೆ ನೋಡಿದಷ್ಟೂ ಆನೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡ್ ಒಬ್ಬರು ಇಳಿದರು.

"ಯಾನ್ಲಾ, ಇಲ್ಲ್ ನಿಲ್ಸಿದ್ದೀಯೆ? ಬೋರ್ಡ್ ಕಾಣ್ನಿಲ್ವಾ?"

"ಸಾರ್, ಗಾಡಿ ಸೀಜ್ ಆಗ್ಬುಟ್ಟದೆ ಸಾರ್."

"ನಾನಿನ್ನೂ ಸೀಜೇ ಮಾಡ್ಲಿಲ್ವಲ್ಲಾ!"

"ಎಂಜಿನ್ನು ಸಾರ್, ಎಂಜಿನ್ನು."

ಅವರು ನಕ್ಕು, ಬೈದು, ಹಗ್ಗ ಕಟ್ಟಿ ಚೆಕ್‌ಪೋಸ್ಟಿನವರೆಗೆ ಎಳೆದುಕೊಂಡು ಹೋದರು. ಅಲ್ಲಿ ಸಿಕ್ಕಿದ ಅರ್ಧ ಕಡ್ಡಿ ನೆಟ್‌ವರ್ಕಿನಲ್ಲಿ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ಗಾಡಿ ಸೀಜ್ ಆಯ್ತು. ಮದ್ದೂರು ಚೆಕ್‌ಪೋಸ್ಟಲ್ಲಿ ಇವ್ನಿ." ಅಷ್ಟಕ್ಕೇ ಲೈನ್ ಕಟ್ಟಾಯಿತು.

ಕಾರನ್ನು ಟೋಯಿಂಗ್ ಗಾಡಿಗೆ ಏರಿಸಿ ಚಾಮರಾಜನಗರದ ಆಚೆಯಿರುವ ಒಂದು ಶೆಡ್ಡಿಗೆ ತಂದೆ. ಅಲ್ಲಿನ ಮೆಕ್ಯಾನಿಕ್‌ ಭಾಯ್ ನಮ್ಮ ಟ್ರಾಕ್ಟರಿನ ಕಾಲದಿಂದಲೂ ನನ್ನ ತಪ್ಪುಗಳನ್ನು ರಿಪೇರಿ ಮಾಡುತ್ತ ಬಂದವರು. ಗಾಡಿ ಬಿಟ್ಟು, ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಮನೆಗೆ ಹೋದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ನಿಜ ಬೊಗಳ್ಲಾ. ಜಿಂಕೆ ಗಿಂಕೆ ಒಡ್ದ್ಯಾ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮೆಕ್ಯಾನಿಕ್ಕಿಗೆ ಸೀಜ್ ಅಂದರೆ ಎಂಜಿನ್ ಕಚ್ಚಿಕೊಳ್ಳುವುದು, ನಮ್ಮ ಕಡೆ ಗಾಡಿ ಸೀಜ್ ಆಯಿತು ಅಂದರೆ ಸರ್ಕಾರದವರು ಹಿಡಿದು ಕಟ್ಟಿಹಾಕಿದರು ಎಂದೇ ಅರ್ಥ. ಅದರಲ್ಲೂ ಮದ್ದೂರು ಚೆಕ್‌ಪೋಸ್ಟಿನಲ್ಲಿ! ಬಾಯಿ ತೆರೆದಿದ್ದೆ, ನಿಜ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ನನ್ನ ದರಿದ್ರ ತಲೆ ಓಡಿತು. ಹಿಡಿದ ಗಾಡಿಯನ್ನು ಹೇಗೆ ಹಿಡಿದರೋ ಹಾಗೇ ವಾಪಸ್ ಕೊಡುತ್ತಾರೆ. ಅಷ್ಟರೊಳಗೆ ಭಾಯ್ ಎಂಜಿನ್ ಸರಿ ಮಾಡಿಬಿಟ್ಟರೆ?

"ಇಲ್ಲ ಕಣಕ್ಕ. ಕಾಡಲ್ಲಿ ನಿಲ್ಸಿದ್ದೆ, ಅದ್ಕೆ. ಎರಡು ವಾರದಲ್ಲಿ ಬುಡ್ತಾರೆ."

ಅಕ್ಕ ಉಸ್ಸೆಂದು ಕೂತಳು. "ನಿಮ್ ಭಾವಂಗೆ ಆಗ್ಲೇ ಮೆಸೇಜ್ ಆಕ್ಬುಟ್ಟೆ. ಗಾಡಿ ಸೀಜ್ ಆಗ್ಬುಟ್ಟದೆ, ತಮ್ಮ ಬುಡುಸ್ಕೊಂಡ್ ಬತ್ತಾನೆ ಅಂತವ."

ಮಾರನೆಯ ದಿನ ಭಾಯ್ ಎಂಜಿನ್ ಬಿಚ್ಚಿದರು. ಪಿಸ್ಟನ್ ಓಡಾಡುವ ಕೊಳವೆಯೊಳಗೆ ಕೈಬಿಟ್ಟು, ಗೋಡೆಯ ಮೇಲೆ ಕಿರುಬೆರಳಿನ ಉಗುರನ್ನು ಮೆಲ್ಲಗೆ ಎಳೆದರು. ಉಗುರು ಎಲ್ಲೂ ತಡೆಯದಿದ್ದರೆ ಬಚಾವ್. ನಾಲ್ಕು ಕೊಳವೆಯಲ್ಲಿ ಮೂರು ಕಡೆ ತಡೆಯಿತು. ನನ್ನ ಬೆರಳನ್ನೂ ಹಿಡಿದು ಎಳೆಸಿದರು. ಗೀರು ನನ್ನ ಬೆನ್ನ ಮೇಲೇ ಬಿದ್ದಂತಾಯಿತು.

"ನೀರಿಲ್ದೆ ಕಾದು ಪಿಸ್ಟನ್ ಉಬ್ಬಿ ಕಚ್ಕೊಂಡೈತೆ ತಮ್ಮ. ಬ್ಲಾಕು ಮೈಸೂರಿಗೆ ಬೋರಿಗೆ ಹೋಗ್ಬೇಕು, ಗೀರು ಹೋಗೋ ಹಂಗೆ ಕೊಳವೆ ಕೊರ್ದು ಕೊಡ್ತಾರೆ. ಪಿಸ್ಟನ್ ಹೊಸಾದು, ಬೇರಿಂಗ್ ಹೊಸಾದು. ಹೆಡ್ಡು ಬೆಂಡಾಗೈತೆ."

"ಎರಡು ವಾರಕ್ಕೆ ಆಗುತ್ತಾ ಭಾಯ್?"

"ಮುಚ್ಚಳ ತಿರುಗ್ಸೋಕೆ ಎರಡು ಸೆಕೆಂಡ್ ಸಾಕಿತ್ತು," ಎಂದು ಬೀಡಿ ಹಚ್ಚಿದರು.

ನನ್ನ ಬೈಕು ಮಾರಿದೆ. ಬ್ಲಾಕು ರೈಲಿನಲ್ಲಿ ಮೈಸೂರಿಗೆ ಹೋಯಿತು. ಪಿಸ್ಟನ್ನುಗಳು ಎಲ್ಲಿಂದಲೋ ಹೊರಟವು, ಬರಲಿಲ್ಲ. ಅಕ್ಕ ಮಿಕ್ಸಿ ಹಾಕಿದರೆ ನನಗೆ ಬೇರಿಂಗ್ ಹೋದಂತೆ ಕೇಳುತ್ತಿತ್ತು, ಪಕ್ಕದ ಮನೆಯ ಹೊಲಿಗೆ ಮಿಷನ್ನು ಎಂಜಿನ್ನಿನ ಟ್ಯಾಪೆಟ್ ಸಡಿಲವಾಗಿ ಹೊಡೆದಂತೆ. ಇದರ ಮಧ್ಯೆ ಹಡಗಿಗೆ ನೆಟ್‌ವರ್ಕ್ ಸಿಕ್ಕಾಗಲೆಲ್ಲ ಭಾವನ ಮೆಸೇಜು. ಒಂದೇ ಪದ: 'ಬಿಡ್ತಾ?'

'ನಾಳೆ ಭಾವ, ಸಾಹೇಬ್ರು ರಜಾ' ಎಂದು ಬರೆಯುತ್ತಿದ್ದೆ. ಎರಡು ದಿನ ಬಿಟ್ಟು ಮತ್ತೆ: 'ಬಿಡ್ತಾ?' 'ಫೈಲು ಮೇಲೆ ಹೋಗಿದೆ ಭಾವ.' ಆ ಬಡಪಾಯಿ ಸಾಹೇಬರಿಗೆ ನಾನು ಕೊಟ್ಟಷ್ಟು ರಜೆ ಯಾವ ಸರ್ಕಾರವೂ ಕೊಟ್ಟಿರಲಾರದು.

ಕೊನೆಗೆ ಎಲ್ಲ ಸಾಮಾನು ಬಂದು ಎಂಜಿನ್ ಕೂರಿಸಿದೆವು. 'ದೆವು' ಅನ್ನುವುದರಲ್ಲೇ ಅಪಾಯವಿದೆ. ಭಾಯ್ ಊಟಕ್ಕೆ ಹೋದಾಗ ಧೂಳು ಬೀಳಬಾರದೆಂದು ನಾನು ಎಂಜಿನ್ ತಳದ ಆಯಿಲ್ ತೊಟ್ಟಿಯೊಳಗೆ ಒಂದು ಹಳೇ ಬಟ್ಟೆ ತುರುಕಿದ್ದೆ. ಮರುದಿನ ಸ್ಟಾರ್ಟ್ ಮಾಡಿದಾಗ ಗಾಡಿ ಗುರ್ರೆಂದಿತು, ನಾನು ಕುಣಿದೆ. ಭಾಯ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದವರು ಒಮ್ಮೆಲೇ ಕಿರುಚಿದರು.

"ಬಂದ್ ಮಾಡು! ಆಯಿಲ್ ಮೇಲಕ್ಕೆ ಬರ್ತಿಲ್ಲ!"

ಮತ್ತೆ ಬಿಚ್ಚಿದರು. ಆಯಿಲ್ ಹೀರುವ ಜಾಲರಿಗೆ ನನ್ನ ಬಟ್ಟೆ ಅಂಟಿಕೊಂಡಿತ್ತು. ಭಾಯ್ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. "ಇದು ನನ್ ಶೆಡ್ಡಿನ ಬಟ್ಟೆ ಅಲ್ಲ."

"ನನ್ನ ಬನೀನು ಭಾಯ್."

ಅವರು ಅದನ್ನು ಹಿಂಡಿ ನನ್ನ ಹೆಗಲ ಮೇಲೆ ಹಾಕಿದರು. ಕೂಡಲೇ ನಿಲ್ಲಿಸಿದ್ದರಿಂದ ಹೊಸ ಬೇರಿಂಗು ಉಳಿದಿರಬಹುದು, ಉಳಿಯದೆಯೂ ಇರಬಹುದು, ಎಲ್ಲ ತೆಗೆದು ನೋಡದೆ ಹೇಳಲಾಗದು ಎಂದರು. ಭಾವ ಬರಲು ಐದು ದಿನವಿತ್ತು. ಎಂಜಿನ್ ಮತ್ತೆ ಚೂರು ಚೂರಾಗಿ ಪೇಪರಿನ ಮೇಲೆ ಹರಡಿಕೊಂಡಿತು. ನಾನು ಅದರ ಮುಂದೆ ಹೆಣದ ಮುಂದೆ ಕೂತವನ ಹಾಗೆ ಕೂತಿದ್ದೆ. ಆಗ ಶೆಡ್ಡಿನ ಮುಂದೆ ಆಟೋ ನಿಂತು ಅಕ್ಕ ಇಳಿದಳು. ನನ್ನ ತಪ್ಪುಗಳೆಲ್ಲ ಎಲ್ಲಿಗೆ ಬರುತ್ತವೆಂದು ಅವಳಿಗೆ ಗೊತ್ತಿತ್ತು.

ಅವಳು ಬೆಳಿಗ್ಗೆಯೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮದ್ದೂರಿಗೆ ಹೋಗಿದ್ದಳಂತೆ. ಗಾಡಿ ಬಿಟ್ಟುಕೊಡಿ ಅಂತ ಕೈಮುಗಿದು ಕೇಳಲು. ಅದೇ ಗಾರ್ಡ್ ಇದ್ದರಂತೆ.

"ಅವ್ರು ನಕ್ಬುಟ್ರು ಕಣ್ಲಾ," ಎಂದಳು. ದನಿ ಸಣ್ಣಗಿತ್ತು. "'ನಾವ್ ಎಲ್ಲಮ್ಮ ಸೀಜ್ ಮಾಡ್ದೋ, ನಿನ್ ತಮ್ನೆ ಎಂಜಿನ್ ಸೀಜ್ ಮಾಡ್ಕಂಡಿದ್ದ, ನಾವು ಎಳ್ದು ತಂದು ಬುಟ್ಟೋ' ಅಂದ್ರು. ಅಷ್ಟು ಜನರ ಮುಂದೆ ಕೈಮುಗ್ದು ನಿಂತಿದ್ನಲ್ಲೋ ನಾನು."

ಸ್ಟೂಲು ಎಳೆದು ಮುಂದಿಟ್ಟೆ, ಅವಳು ಕೂರಲಿಲ್ಲ. ಅಕ್ಕ ಪೇಪರಿನ ಮೇಲಿನ ಕಬ್ಬಿಣವನ್ನೆಲ್ಲ ಒಂದು ಸುತ್ತು ನೋಡಿದಳು. ಗಾಡಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ನನ್ ಮಾತ್ ಮ್ಯಾಲೆ ಕೊಟ್ಟಿದ್ರು ಅವ್ರು. ಅವ್ರಿಗೆ ನಿಜಾವ ನೀನ್ ಏಳ್ತೀಯೋ, ನಾನ್ ಏಳ್ಳೋ?"

ಭಾವ ಆಗ ಯಾವುದೋ ಬಂದರಿನಲ್ಲಿದ್ದರು. ಫೋನ್ ಒಂದೇ ಸಲಕ್ಕೆ ಸಿಕ್ಕಿತು, ಸಿಗಬಾರದೆಂದು ನಾನು ಬೇಡಿಕೊಂಡಿದ್ದರೂ. ಮುಚ್ಚಳದಿಂದ ಬನೀನಿನವರೆಗೆ ಎಲ್ಲ ಹೇಳಿದೆ, ಸಾಹೇಬರ ರಜೆಯನ್ನೂ ಸೇರಿಸಿ. ಆ ಕಡೆ ಯಾವುದೋ ಯಂತ್ರ ಗುಂಯ್ಗುಡುತ್ತಿತ್ತು.

"ನಾನು ಎಂಜಿನ್ ಕೋಣೆಯವನು ಕಣೋ," ಎಂದರು ಭಾವ. "ಸೀಜ್ ಆಯ್ತು, ತಮ್ಮ ಬಿಡಿಸ್ತಾನೆ ಅಂತ ನಿಮ್ಮಕ್ಕ ಬರೆದ್ರೆ ನನಗೆ ಇನ್ನೇನ್ ಅರ್ಥ ಆಗುತ್ತೆ? ಪಿಸ್ಟನ್ ಬಿಡ್ತಾ ಅಂತ ನಾನ್ ಕೇಳಿದ್ರೆ ನೀನು ಫೈಲು, ಸಾಹೇಬ್ರು ಅಂತಿದ್ದೆ. ನಿಮ್ಮಕ್ಕನೂ ಸೇರ್ಕೊಂಡು ಸುಳ್ಳು ಹೇಳ್ತಿದಾಳಾ ಅನ್ನೋದೊಂದೇ ನನಗೆ ಸಂಕಟ ಆಗಿದ್ದು."

"ಇಲ್ಲ ಭಾವ! ಅಕ್ಕಂಗೆ ಇವತ್ತೇ ಗೊತ್ತಾಗಿದ್ದು. ದೇವ್ರಾಣೆ."

"ಅವಳಿಗೆ ಕೊಡು ಫೋನು."

ಅವಳು ಶೆಡ್ಡಿನ ಹೊರಗೆ ಹೋಗಿ ಮಾತಾಡಿದಳು. ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ವಾಪಸ್ ಬಂದಾಗ ಕಣ್ಣು ಕೆಂಪಗಿತ್ತು, ಮುಖ ಮಾತ್ರ ಸ್ವಲ್ಪ ಸಡಿಲವಾಗಿತ್ತು.

ಬೇರಿಂಗುಗಳು ಉಳಿದಿದ್ದವು. ಭಾಯ್ ನನ್ನನ್ನು ಎಂಜಿನ್ನಿನಿಂದ ಹತ್ತಡಿ ದೂರದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಮೈಮೇಲಿನ ಬಟ್ಟೆ ಎಣಿಸಿ, ಎರಡನೆಯ ಸಲ ಜೋಡಿಸಿದರು. ಈ ಸಲ ಸ್ಕ್ರೂಡ್ರೈವರ್ ಕಿವಿಗಿಟ್ಟು ಬಹಳ ಹೊತ್ತು ಕೇಳಿ, ಸುಮ್ಮನೆ ತಲೆಯಾಡಿಸಿದರು. ಸಾವಿರ ಕಿಲೋಮೀಟರ್ ಆಗುವವರೆಗೆ ಮೆಲ್ಲಗೆ ಓಡಿಸಬೇಕು, ಪಿಸ್ಟನ್ನಿನ ಹೊಸ ರಿಂಗುಗಳು ಕೊಳವೆಯ ಗೋಡೆಗೆ ಹೊಂದಿಕೊಳ್ಳಬೇಕು, ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಮೂರು ಸಾವಿರ ದಾಟಬಾರದು ಎಂದು ನನಗಲ್ಲ, ಅಕ್ಕನಿಗೆ ಹೇಳಿದರು.

ಭಾವ ರೈಲಿಳಿದು ಬಂದವರು ಬ್ಯಾಗನ್ನೂ ಇಳಿಸದೆ ಬಾನೆಟ್ ಎತ್ತಿಸಿದರು. ನಾನು ಗೇಟಿನ ಹೊರಗೆ, ಓಡಲು ಅನುಕೂಲವಾಗುವಷ್ಟು ದೂರದಲ್ಲಿ ನಿಂತಿದ್ದೆ. ಕೂಲೆಂಟ್ ಮುಚ್ಚಳವನ್ನು ಮುಟ್ಟಿ ನೋಡಿ, ಬಾನೆಟ್ ಇಳಿಸಿ, ಕೀಯನ್ನು ಅಕ್ಕನ ಕೈಗೆ ಕೊಟ್ಟರು.

"ಸಾವಿರ ಕಿಲೋಮೀಟರ್ ನೀನೇ ಓಡ್ಸು. ಇನ್ಯಾರಿಗೂ ಕೊಡ್ಬೇಡ. ಇವನು ಪಕ್ಕ ಕೂತು ಟೆಂಪರೇಚರ್ ನೋಡ್ಲಿ."

ಈಗ ಪ್ರತಿ ಬೆಳಿಗ್ಗೆ ಗುಂಡ್ಲುಪೇಟೆಯವರೆಗೆ ಹೋಗಿ ಬರುತ್ತೇವೆ. ಗಾಡಿಯ ಗುರುಗುರುವಿಗೆ ಮೊದಲ ದಿನ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಚುಕಿದ ಅಕ್ಕ ಮೂರನೆಯ ದಿನಕ್ಕೆ ಹಾಡು ಹಾಕಲು ಕಲಿತಳು. ನಾನು ಹಾಡು ನಿಲ್ಲಿಸುತ್ತೇನೆ, ಎಂಜಿನ್ ಕೇಳಬೇಕಲ್ಲ. ಚೆಂಡುಹೂವಿನ ಮೂಟೆ ಹೊತ್ತ ಲಗೇಜ್ ಆಟೋಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ, ನಾನು ಮುಖ ಮುಚ್ಚಿಕೊಳ್ಳುತ್ತೇನೆ.

ಮೊನ್ನೆ ತೆರಕಣಾಂಬಿ ದಾಟಿದ ಮೇಲೆ ಕೇಳಿಸಿತು. ಟಕ, ಟಕ, ಟಕ.

"ಅಕ್ಕ, ನಿಲ್ಸು! ಬೇರಿಂಗ್ ಹೋಯ್ತು ಕಣಕ್ಕ!"

ಅಕ್ಕ ಬೆಚ್ಚಿ ರಸ್ತೆ ಬದಿಗೆ ತಂದು ಎಂಜಿನ್ ಆಫ್ ಮಾಡಿದಳು. ಇಬ್ಬರೂ ಕಿವಿಗೊಟ್ಟೆವು. ಎಂಜಿನ್ ನಿಂತಿತ್ತು. ಟಕ, ಟಕ, ಟಕ ನಿಂತಿರಲಿಲ್ಲ.

ಅಕ್ಕ ನಿಧಾನವಾಗಿ ಬಗ್ಗಿ ನನ್ನ ಕಡೆಯ ಬಾಗಿಲು ನೋಡಿದಳು. ಅಲ್ಲಿಟ್ಟಿದ್ದ ಸ್ಟೀಲ್ ಬಾಟಲಿಗೆ ನನ್ನ ಮೊಣಕಾಲು ಬಡಿಯುತ್ತಿತ್ತು.

"ಎಂಜಿನ್ನಲ್ಲ ಕಣ್ಲಾ, ನಿನ್ ಕಾಲು," ಎಂದು ಮತ್ತೆ ಸ್ಟಾರ್ಟ್ ಮಾಡಿದಳು. "ಗಟ್ಯಾಗ್ ಇಡ್ಕೊ. ಇನ್ನೂ ಏಳ್ನೂರ್ ಕಿಲೋಮೀಟ್ರು ಅದ."

ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು, ಟೆಂಪರೇಚರಿನ ಮುಳ್ಳು ನೋಡುತ್ತ ಕೂತೆ.